ಬೆಟ್ಟದಿಂದ ಇಳಿದ ಮೇಲೆ
(ಪ್ರಭುವಿನ ರೂಪಾಂತರ ಹಬ್ಬದ ಪ್ರಬೋಧನೆ)



ಇಂದು ಆಗಸ್ಟ್ 6, ರೂಪಾಂತರದ ಹಬ್ಬ. ಶುಭಸಂದೇಶದಲ್ಲಿ ಕೇಳಿದೆವಲ್ಲ, ಪೇತ್ರರಿಗೆ ಬೆಟ್ಟ ಬಿಟ್ಟು ಇಳಿಯಲು ಮನಸ್ಸೇ ಇಲ್ಲ. ಇಲ್ಲೇ ಗುಡಾರ ಹಾಕೋಣ ಎನ್ನುತ್ತಾರೆ. ಇದನ್ನು ಕೇಳಿ ನಗುವವರಿದ್ದಾರೆ. ನಾವು ನಗುವುದಿಲ್ಲ, ಏಕೆಂದರೆ ನಮಗೂ ಅಂಥದೊಂದು ಬೆಟ್ಟವಿದೆ.

2010ರಲ್ಲಿ ನಾವಿಬ್ಬರು ಗುರುಗಳು, ಆಗಿನ್ನೂ ಹೊಸದಾಗಿ ದೀಕ್ಷೆ ಪಡೆದವರು, ಆಸ್ಟ್ರಿಯ ದೇಶದ ಒಂದು ಧರ್ಮಕೇಂದ್ರಕ್ಕೆ ಹೋಗಿದ್ದೆವು. ಬೇಸಿಗೆಯಲ್ಲಿ ಅಲ್ಲಿನ ಗುರುಗಳು ರಜೆಗೆ ಹೋದಾಗ ಬಲಿಪೂಜೆ ಅರ್ಪಿಸುವುದು ನಮ್ಮ ಕೆಲಸ. ಅಲ್ಲಿದ್ದ ವಯೋವೃದ್ಧ ಗುರುಗಳೊಬ್ಬರು ಒಂದು ದಿನ ನಮ್ಮನ್ನು ಆಲ್ಪ್ಸ್ ಪರ್ವತದ ಹೊಹೆ ಟವರ್ನ್ ರಾಷ್ಟ್ರೀಯ ಉದ್ಯಾನಕ್ಕೆ ಕರೆದೊಯ್ದರು. ದಾರಿಯಲ್ಲಿ ಹೈಲಿಗೆನ್‌ಬ್ಲೂಟ್ ಎಂಬ ಊರು. ಹೆಸರಿನ ಅರ್ಥ ಪವಿತ್ರ ರಕ್ತ. ಪ್ರಭುವಿನ ರಕ್ತದ ಚಿಕ್ಕ ಕುಪ್ಪಿಯನ್ನು ತರುತ್ತಿದ್ದ ಬ್ರಿಕ್ಸಿಯುಸ್ ಎಂಬ ಭಕ್ತ ಹಿಮಕುಸಿತದಲ್ಲಿ ಸಿಕ್ಕಿ ಸತ್ತನೆಂದೂ, ಅವನ ಮೇಲಿನ ಹಿಮದಲ್ಲಿ ಗೋಧಿಯ ಮೂರು ತೆನೆ ಮೂಡಿದವೆಂದೂ ಅಲ್ಲಿನ ಐತಿಹ್ಯ. ದೇವಾಲಯದ ಚೂಪು ಗೋಪುರದ ಹಿಂದೆ 3798 ಮೀಟರ್ ಎತ್ತರದ ಗ್ರೋಸ್‌ಗ್ಲಾಕ್ನರ್ ಶಿಖರ. ಅದರ ಬುಡದಲ್ಲಿ ಪಾಸ್ಟರ್ಟ್ಸೆ, ಆ ದೇಶದ ಅತಿ ದೊಡ್ಡ ಹಿಮನದಿ.

ಹಿಮನದಿ ಎಂದರೆ ಹರಿಯುವ ನೀರಲ್ಲ. ವರ್ಷಾನುವರ್ಷ ಬಿದ್ದ ಹಿಮ ಅದುಮಿ ಮಂಜುಗಡ್ಡೆಯಾಗಿ, ತನ್ನ ಭಾರಕ್ಕೆ ತಾನೇ ಕಣಿವೆಯಲ್ಲಿ ಕಣ್ಣಿಗೆ ಕಾಣದಷ್ಟು ಮೆಲ್ಲಗೆ ಜಾರುತ್ತದೆ. ಅದರ ಮೇಲೆ ಕಾಲಿಟ್ಟಾಗ ಅಡಿಯಲ್ಲೆಲ್ಲೋ ನೀರು ಗುಳುಗುಳು ಹರಿಯುವ ಸದ್ದು. ನಾವು ಬಹಳ ಹೊತ್ತು ಮಾತಾಡಲಿಲ್ಲ. ಆ ಹಿರಿಯರು ಮಾತ್ರ ಕೋಲೂರಿ ನಿಂತು, "ಇದು ಬಹಳ ಇಳಿದುಹೋಗಿದೆ" ಎಂದರು. 1963ರಲ್ಲಿ ಪ್ರವಾಸಿಗರನ್ನು ಹಿಮದ ಅಂಚಿಗೆ ಇಳಿಸಲೆಂದೇ ಅಲ್ಲಿ ಹಳಿಗಾಡಿಯೊಂದನ್ನು ಕಟ್ಟಿದ್ದರು. ಆಗಲೇ ಅದರ ಕೊನೆಯ ನಿಲ್ದಾಣದಿಂದ ಹಿಮಕ್ಕೆ ಇನ್ನೂ ಸಾಕಷ್ಟು ಕೆಳಗೆ ನಡೆಯಬೇಕಾಗಿತ್ತು.

ಸಂಜೆ ಊಟದ ಮೇಜಿನಲ್ಲಿ ಅವರು ಇನ್ನೊಂದು ಸಂಗತಿ ಹೇಳಿದರು. ನೆರೆಯ ಸ್ವಿಟ್ಜರ್‌ಲೆಂಡಿನಲ್ಲಿ ಆಲೆಚ್ ಹಿಮನದಿ ಇದೆ, ಆಲ್ಪ್ಸ್‌ನಲ್ಲೇ ಅತಿ ಉದ್ದದ್ದು. ಹಿಂದೆ ಅದು ಬೆಳೆಯುತ್ತಾ ಬಂದು, ಅದರ ಪಕ್ಕದ ಕೆರೆ ಒಡೆದು ಹೊಲಮನೆ ಕೊಚ್ಚಿಹೋಗುತ್ತಿದ್ದವು. ಫೀಶ್ ಊರಿನವರು 1678ರಲ್ಲಿ ಹರಕೆ ಹೊತ್ತು, ಹಿಮನದಿ ಹಿಂದೆ ಸರಿಯಲೆಂದು ಪ್ರಾರ್ಥಿಸತೊಡಗಿದರು, ಮೆರವಣಿಗೆ ನಡೆಸಿದರು. ಅದು ಸರಿಯಿತು, ಸರಿಯುತ್ತಲೇ ಹೋಯಿತು. ಕೊನೆಗೆ ಊರಿನವರು ಹರಕೆಯ ಮಾತನ್ನೇ ತಿರುಗಿಸಲು ರೋಮ್‌ಗೆ ಮೊರೆಯಿಟ್ಟರು, 2010ರಲ್ಲಿ ಒಪ್ಪಿಗೆ ಸಿಕ್ಕಿತು. ಅಜ್ಜಂದಿರು ಯಾವುದು ಹೋಗಲಿ ಎಂದು ಬೇಡಿದರೋ ಅದು ಉಳಿಯಲಿ ಎಂದು ಮೊಮ್ಮಕ್ಕಳು ಬೇಡುತ್ತಿದ್ದಾರೆ. ಮಳೆ ಬರಲೆಂದು ಬೇಡಿ, ಬಂದ ಮೇಲೆ ನಿಲ್ಲಲೆಂದು ಬೇಡುವ ನಮಗೆ ಇದು ಹೊಸದೇನಲ್ಲ.

2024ರಲ್ಲಿ ನಾವಿಬ್ಬರೂ ಮತ್ತೆ ಅಲ್ಲಿಗೆ ಹೋದೆವು. ಆ ಹಿರಿಯರು ಪ್ರಭುವಿನಲ್ಲಿ ನಿದ್ರಿಸಿದ್ದರು. ಸಮಾಧಿಯ ಮೇಲೆ ಮೇಣದಬತ್ತಿ ಹಚ್ಚಿ, ಮರುದಿನ ಅದೇ ಕಣಿವೆಗೆ ಇಳಿದೆವು. ಒಂದೊಂದು ಕಾಲದಲ್ಲಿ ಹಿಮ ಎಲ್ಲಿಯವರೆಗೆ ಇತ್ತೆಂದು ತೋರಿಸುವ ಫಲಕಗಳು ದಾರಿಯಲ್ಲಿವೆ. ಅವುಗಳನ್ನು ಒಂದೊಂದಾಗಿ ದಾಟುತ್ತಾ ಹೋಗುವಾಗ ಶಿಲುಬೆಯ ಹಾದಿಯ ನೆನಪಾಯಿತು. ನಾವು ಹಿಂದೆ ಕಾಲಿಟ್ಟ ಜಾಗದಲ್ಲಿ ಜಲ್ಲಿಕಲ್ಲು, ಹಾಲು ಬೆರೆಸಿದಂಥ ಬೂದು ನೀರು. ಹಿಮನದಿ ದೂರದಲ್ಲಿ, ಮಣ್ಣು ಮುಚ್ಚಿ ಕೊಳಕಾಗಿ ಮಲಗಿತ್ತು. 2022–23ರ ಒಂದೇ ವರ್ಷದಲ್ಲಿ 200 ಮೀಟರಿಗೂ ಹೆಚ್ಚು ಹಿಂದೆ ಸರಿದಿತ್ತಂತೆ. ಹಿಮ ಕರಗಿದಲ್ಲಿ ಸುಮಾರು 6000 ವರ್ಷ ಹಳೆಯ ಪೈನ್ ಮರದ ಕಾಂಡವೂ ಸಿಕ್ಕಿದೆ. ಹಾಗಾದರೆ ಹಿಂದೆಯೂ ಕರಗಿತ್ತಲ್ಲ ಎಂದು ವಾದಿಸುವವರಿದ್ದಾರೆ. ಕರಗಿತ್ತು, ನಿಜ. ಆದರೆ ಈಗಿನ ಬಿಸಿ ಮನುಷ್ಯರು ಸುಟ್ಟ ಕಲ್ಲಿದ್ದಲು, ಎಣ್ಣೆಯ ಹೊಗೆಯದು. ಅದನ್ನು ನೋಡಿ ಮರುಗಲು ನಾವು ಹೋದದ್ದು ವಿಮಾನದಲ್ಲಿ, ಅದನ್ನೂ ಮುಚ್ಚಿಡುವುದಿಲ್ಲ.

ಊರಿಗೆ ಬಂದು ಒಂದು ಸಂಜೆ ಜಪಮಾಲೆಯ ನಂತರ ಫೋಟೋಗಳನ್ನು ತೋರಿಸಿದೆವು. ಅಯ್ಯೋ ಎಷ್ಟು ಚೆಂದವಿತ್ತು ಎಂದರು ಎಲ್ಲರೂ. ಬಾವಿ ಬೀದಿಯ ಅಮ್ಮನವರೊಬ್ಬರು ಮಾತ್ರ ಕೇಳಿದರು: "ಫಾದರ್, ಅದು ಪೂರ್ತಿ ಕರಗಿಹೋದ್ರೆ ಕೆಳಗಿನೋರು ಬೇಸಿಗೇಲಿ ನೀರಿಗೆ ಏನ್ ಮಾಡ್ತಾರೆ?" ನಾಲ್ಕು ದಿನಕ್ಕೊಮ್ಮೆ ನಲ್ಲಿಯಲ್ಲಿ ನೀರು ಬರುವ ಮನೆಯವರು ಅವರು.

ನಾವು ಎರಡು ಸಲ ಅಲ್ಲಿಗೆ ಹೋಗಿದ್ದೆವು. ಒಂದು ಸಲವೂ ಆ ಪ್ರಶ್ನೆ ನಮಗೆ ಹೊಳೆದಿರಲಿಲ್ಲ. ನಮ್ಮ ದುಃಖವೆಲ್ಲ ನಮ್ಮ ನೆನಪಿನ ನೋಟ ಕಳೆದುಹೋಯಿತೆಂಬುದೇ. ಆಮೇಲೆ ಓದಿ ತಿಳಿದೆವು: ಆ ನೀರು ಮೋಲ್ ಎಂಬ ಹೊಳೆಯಾಗಿ, ದ್ರಾವ ನದಿ ಸೇರಿ, ಕೊನೆಗೆ ಡ್ಯಾನ್ಯೂಬ್‌ಗೆ ಹೋಗುತ್ತದೆ. ಚಳಿಗಾಲದ ಹಿಮವನ್ನು ಕೂಡಿಟ್ಟು ಬಿಸಿಲಿನ ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಬಿಡುವುದು ಹಿಮನದಿಯ ಕೆಲಸ. ಕರಗುವಾಗ ಕೆಲವು ವರ್ಷ ನೀರು ಹೆಚ್ಚೇ ಬರುತ್ತದೆ, ನಂತರ ಕಡಿಮೆಯಾಗುತ್ತದೆ.

ರೂಪಾಂತರದ ಕಥೆ ಬೆಟ್ಟದ ಮೇಲೆಯೇ ನಿಲ್ಲುವುದಿಲ್ಲ. ಯೇಸುಸ್ವಾಮಿ ಇಳಿದು ಬಂದಾಗ ಕೆಳಗೆ ಒಬ್ಬ ತಂದೆ ಕಾಯಿಲೆಯ ಮಗನನ್ನು ಕರೆತಂದು ಕಾದಿದ್ದ. ಶಿಷ್ಯರಿಂದ ಏನೂ ಆಗಿರಲಿಲ್ಲ. ಮೇಲೆ ಪೇತ್ರರು ಗುಡಾರದ ಮಾತಾಡುವಾಗ ಆ ತಂದೆಯ ಅವಸ್ಥೆ ಹೇಗಿತ್ತೋ.

ಬರುವ ಭಾನುವಾರ ಎರಡನೆಯ ಪೂಜೆಯ ನಂತರ, ದೇವಾಲಯದ ಛಾವಣಿಯ ಮಳೆನೀರನ್ನು ಹಳೆಯ ಬಾವಿಗೆ ತಿರುಗಿಸುವ ಕೆಲಸವಿದೆ. ಯುವಕರು ಗುದ್ದಲಿ, ಪಿಕಾಸಿ ತನ್ನಿ. ಕಾಲುವೆ ಎಲ್ಲಿ ತೋಡಬೇಕೆಂದು ಆ ಅಮ್ಮನವರೇ ತೋರಿಸುತ್ತಾರೆ.