ಕಪಿಯ ಮಿದುಳೂ ಮಾನವನ ಮನೋವ್ಯಾಧಿಯೂ



ಕಪಿಲೆಯ ನೀರನ್ನು ಕುಡಿದು ಬೆಳೆದ ಈ ಸೀಮೆಯವರಿಗೆ ಕಪಿಯ ಪರಿಚಯವನ್ನು ಮಾಡಿಕೊಡಬೇಕಾದುದಿಲ್ಲ. ಕಪಿಲವೆಂಬ ಶಬ್ದಕ್ಕೆ ಕಪಿಯ ಮೈಬಣ್ಣವುಳ್ಳದ್ದೆಂದು ಅರ್ಥ ಹೇಳುವುದುಂಟು; ನದಿಗೆ ಆ ಹೆಸರು ಬಂದ ಬಗೆ ಬೇರೆಯ ಮಾತು. ನಂಜನಗೂಡಿನಲ್ಲಿ ತೆಂಗಿನಕಾಯಿಯ ಹೋಳನ್ನು ಕೋತಿಯು ಕಿತ್ತುಕೊಂಡು ಓಡಿದಾಗ ಬೈದವರೂ ಉಂಟು, ನಕ್ಕು ಇನ್ನೊಂದು ಹೋಳನ್ನು ಎಸೆದವರೂ ಉಂಟು. ಚಂಚಲವಾದ ಮನಸ್ಸನ್ನು ಮರ್ಕಟಕ್ಕೆ ಹೋಲಿಸುವುದು ನಮ್ಮಲ್ಲಿ ಪುರಾತನವಾದ ರೂಢಿ. ಈ ಕಾಲದ ವಿಜ್ಞಾನಿಗಳಾದರೋ ಆ ಹೋಲಿಕೆಯನ್ನೇ ತಿರುಗಿಸಿ, ಮರ್ಕಟವನ್ನು ನೋಡಿ ಮನಸ್ಸನ್ನು ತಿಳಿಯಲು ಹೊರಟಿರುವರು.

ಎಲ್ಲ ವ್ಯಾಧಿಗೂ ಕಪಿಯೇ ಬೇಕೆಂಬುದಿಲ್ಲ. ತಿರುಮಕೂಡಲು ನರಸೀಪುರಕ್ಕೆ ಸಮೀಪದ ಯಳಂದೂರು ತಾಲ್ಲೂಕಿನಲ್ಲಿ, ತಲೆಯ ಮೇಲೆ ಬಿಸಿನೀರನ್ನು ಹೊಯ್ದುಕೊಳ್ಳುವಾಗ ಬರುವ ಅಪಸ್ಮಾರವು ಲಕ್ಷ ಜನರಲ್ಲಿ 255 ಮಂದಿಗೆ ಇರುವುದೆಂದು ವೈದ್ಯರು ಎಣಿಸಿ ಬರೆದಿರುವರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಇದರ ಮರ್ಮವನ್ನು ಅರಿಯಲು ಇಲಿಗಳನ್ನೇ ಬಳಸಿದರು. ನೀರಿನ ಕಾವನ್ನು ತಗ್ಗಿಸಿದರೆ ಅನೇಕರಿಗೆ ಗುಣವುಂಟು. ಆದರೆ ನೆನಪು, ಗುರುತು ಹಿಡಿಯುವಿಕೆ, ವಿವೇಚನೆ ಎಂಬಿವುಗಳ ವಿಷಯಕ್ಕೆ ಬಂದರೆ ಇಲಿಯು ಸಾಲದು. ಕೈಬೆರಳುಗಳೂ, ಮುಂದಕ್ಕೆ ನೋಡುವ ಎರಡು ಕಣ್ಣುಗಳೂ, ಅವುಗಳಿಗೆ ತಕ್ಕ ಮಿದುಳಿನ ಮಡಿಕೆಗಳೂ ಮಾನವನಿಗೆ ಹತ್ತಿರವಾಗಿರುವುದು ಕಪಿಯಲ್ಲಿಯೇ.

ನಮ್ಮ ಬೀದಿಗಳಲ್ಲಿ ಕಾಣುವ, ನೆತ್ತಿಯ ಮೇಲೆ ಟೋಪಿಯಿಟ್ಟಂತೆ ಕೂದಲು ಹರಡಿರುವ ಕೋತಿಯ ಜಾತಿಯನ್ನೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪರೀಕ್ಷಿಸಿರುವರು. ದೊಡ್ಡ ಪಟ್ಟೆಗಳ ಚಿತ್ರವನ್ನು ಕಪಿಯ ಮುಂದಿಟ್ಟಾಗ ಅದರ ಮಿದುಳಿನ ನೋಟದ ಭಾಗದಲ್ಲಿ ಸೆಕೆಂಡಿಗೆ ಸುಮಾರು 30 ಬಾರಿ ಮಿಡಿಯುವ ಒಂದು ಅಲೆಯೂ, ಸುಮಾರು 50 ಬಾರಿ ಮಿಡಿಯುವ ಇನ್ನೊಂದು ಅಲೆಯೂ ಬೇರೆಬೇರೆಯಾಗಿ ಏಳುವುವೆಂದು 2018ರಲ್ಲಿ ಪ್ರಕಟಪಡಿಸಿದರು. ಮಾನವನ ತಲೆಬುರುಡೆಯ ಹೊರಗೆ ತಂತಿಯನ್ನಂಟಿಸಿ ನೋಡಿದಾಗಲೂ ಆ ಎರಡು ಅಲೆಗಳೇ ಕಂಡುವು. ಮರೆವಿನ ವ್ಯಾಧಿಯು ತಲೆದೋರಿದ ವೃದ್ಧರಲ್ಲಿ, ಅದೇ ವಯಸ್ಸಿನ ಆರೋಗ್ಯವಂತರಿಗಿಂತ ಈ ಅಲೆಗಳು ಕ್ಷೀಣವಾಗಿರುವುವೆಂದು 2021ರಲ್ಲಿ ತಿಳಿದುಬಂದಿತು. ಹೆತ್ತ ಮಗನ ಹೆಸರನ್ನು ಮರೆತು, ಯಾರಪ್ಪಾ ನೀನು ಎಂದು ಕೇಳುವ ಅಜ್ಜಿಯು ಯಾವ ಊರಿನಲ್ಲಿಲ್ಲ? ಆ ಮರೆವು ಮನೆಯವರಿಗೆ ಕಾಣುವುದಕ್ಕೆ ಮೊದಲೇ ಅದರ ಸುಳಿವು ಸಿಕ್ಕುವುದಾದರೆ ಅದು ಅಲ್ಪವಾದ ಉಪಕಾರವಲ್ಲ.

ಕಂಪವಾತದ ಕಥೆಯು ಇನ್ನೂ ಸ್ಪಷ್ಟವಾದುದು. 1990ರಲ್ಲಿ ಬರ್ಗ್‌ಮನ್, ವಿಚ್‌ಮನ್, ಡಿಲಾಂಗ್ ಎಂಬ ಮೂವರು, ವಿಷದಿಂದ ಕಂಪವಾತ ಬರಿಸಿದ ಕೋತಿಗಳ ಮಿದುಳಿನ ಆಳದಲ್ಲಿರುವ ಒಂದು ಚಿಕ್ಕ ಗಂಟನ್ನು ಕೆಡಿಸಿದರೆ ನಡುಕವೂ ಬಿಗಿತವೂ ಇಳಿಯುವುದೆಂದು ತೋರಿಸಿದರು. ಅದೇ ಗಂಟಿಗೆ ಸಣ್ಣ ತಂತಿಯಿಂದ ವಿದ್ಯುತ್ತನ್ನು ಹರಿಯಿಸುವ ಚಿಕಿತ್ಸೆಯು ಈಗ ಮನುಷ್ಯರಿಗೆ ನಡೆಯುತ್ತಿದೆ. ಆಯುರ್ವೇದದಲ್ಲಿ ಬರುವ ನಸುಗುನ್ನಿಯ ಬೀಜದಲ್ಲಿ ಕಂಪವಾತಕ್ಕೆ ಕೊಡುವ ಲೆವೊಡೋಪವೆಂಬ ದ್ರವ್ಯವುಂಟು. ಆ ಬಳ್ಳಿಗೆ ಸಂಸ್ಕೃತದಲ್ಲಿ ಕಪಿಕಚ್ಛುವೆಂದು ಹೆಸರು.

ಇಷ್ಟನ್ನು ಹೇಳಿ ನಿಲ್ಲಿಸಿದರೆ ಅರ್ಧಸತ್ಯವಾದೀತು. 1935ರಲ್ಲಿ ಲಂಡನ್ನಿನ ವೈದ್ಯಸಮ್ಮೇಳನದಲ್ಲಿ ಫುಲ್ಟನ್, ಜೇಕಬ್‌ಸನ್ ಎಂಬವರು ಬೆಕ್ಕಿ, ಲೂಸಿ ಎಂಬ ಎರಡು ಚಿಂಪಾಂಜಿಗಳ ವೃತ್ತಾಂತವನ್ನು ಓದಿದರು. ಮಿದುಳಿನ ಮುಂಭಾಗವನ್ನು ತೆಗೆದ ಮೇಲೆ, ಸಿಟ್ಟಿನಿಂದ ಹೊರಳಾಡುತ್ತಿದ್ದ ಬೆಕ್ಕಿಯು ಶಾಂತವಾಯಿತು. ಸೌಮ್ಯವಾಗಿದ್ದ ಲೂಸಿಯು ಸಿಡುಕಿನದಾಯಿತು. ಜಗತ್ತು ಬೆಕ್ಕಿಯನ್ನು ನೆನಪಿಟ್ಟಿತು, ಲೂಸಿಯನ್ನು ಮರೆಯಿತು. ಆ ವರ್ಷದ ಕೊನೆಯಲ್ಲಿಯೇ ಪೋರ್ಚುಗಲ್ಲಿನ ಮೊನೀಜನು ಮನುಷ್ಯರ ಮಿದುಳಿನ ಮುಂಭಾಗಕ್ಕೆ ಶಸ್ತ್ರವಿಟ್ಟನು. 1949ರಲ್ಲಿ ಅವನಿಗೆ ನೊಬೆಲ್ ಬಹುಮಾನವೂ ಬಂದಿತು. ತರುವಾಯ ಸಹಸ್ರಾರು ರೋಗಿಗಳು ಹುಚ್ಚಿನಿಂದ ಬಿಡುಗಡೆ ಹೊಂದುವುದಕ್ಕೆ ಬದಲಾಗಿ ಇಚ್ಛೆಯನ್ನೇ ಕಳೆದುಕೊಂಡು ಮೂಲೆಯಲ್ಲಿ ಕುಳಿತರು. ದೋಷವು ಕಪಿಯದಲ್ಲ, ಅವಸರಪಟ್ಟವರದು. ಮನಸ್ಸು, ಬುದ್ಧಿ, ಚಿತ್ತ, ಅಹಂಕಾರಗಳೆಂದು ಅಂತಃಕರಣವನ್ನು ವಿಂಗಡಿಸಿ ನೋಡಿದ ಹಿರಿಯರ ಎಚ್ಚರವು ಅಲ್ಲಿ ಸ್ವಲ್ಪವಾದರೂ ಇರಬೇಕಾಗಿತ್ತು.

ಪ್ರಾಣಿದಯೆಯನ್ನು ಕಲಿತು ಬಂದ ಈ ಸಭೆಯಲ್ಲಿ ಇನ್ನೊಂದು ಪ್ರಶ್ನೆಯು ಏಳದಿರದು. ಮೂಕಪ್ರಾಣಿಯನ್ನು ಕಟ್ಟಿಹಾಕಿ ಪಡೆದ ಜ್ಞಾನವು ನ್ಯಾಯವೇ? ಅಜ್ಜಿಯ ಮರೆವನ್ನು ಕಂಡವನು ಬೇಡವೆನ್ನಲಾರನು. ಕಪಿಯ ಕಣ್ಣನ್ನು ಕಂಡವನು ಸುಲಭವಾಗಿ ಹೂಂ ಎನ್ನಲೂ ಆರನು. 1960ರ ಪ್ರಾಣಿಹಿಂಸಾ ನಿವಾರಣಾ ಶಾಸನದ ಪ್ರಕಾರ ಇಂಥ ಪ್ರಯೋಗಗಳ ಮೇಲೆ ಸಮಿತಿಯ ನಿಯಂತ್ರಣವುಂಟು. ಕಾಗದದ ಅನುಮತಿಯಿಂದಲೇ ದಯೆಯು ಮುಗಿಯದೆಂದು ಅರಿತವರೂ ಇರುವರು. ಅದೇ ಬೆಂಗಳೂರಿನ ಸಂಸ್ಥೆಯಲ್ಲಿ ಕಪಿಗಳನ್ನು ಕಟ್ಟದೆ, ಗುಂಪಾಗಿ ತಿರುಗಾಡಲು ಬಿಟ್ಟು, ತಾವಾಗಿ ಬಂದು ಗಾಜಿನ ಪರದೆಯನ್ನು ಮುಟ್ಟಿ ಹಣ್ಣಿನ ರಸವನ್ನು ಪಡೆಯುವಂತೆ ಏರ್ಪಡಿಸಿದುದನ್ನು 2021ರಲ್ಲಿ ಪ್ರಕಟಿಸಿದರು. ಅಲ್ಲಿ ಏನೂ ಕಲಿಯದಿದ್ದ ಒಂದು ಕೋತಿಯು, ಕಲಿತ ಜೊತೆಗಾರರನ್ನು ನೋಡಿಯೇ ಕೆಲವು ದಿನಗಳಲ್ಲಿ ಪಾಠವನ್ನೊಪ್ಪಿಸಿತು. ಪಾಠಶಾಲೆಯಲ್ಲಿ ಗುರುವಿಗಿಂತ ಪಕ್ಕದ ಹುಡುಗನಿಂದ ಹೆಚ್ಚು ಕಲಿತವರಿಗೆ ಇದು ಆಶ್ಚರ್ಯವಲ್ಲ.

ಪ್ರಯೋಗಾಲಯದ ಕಪಿಯ ಗತಿಯು ಹೀಗಾದರೆ ಹೊರಗಿನದರ ಗತಿಯೇನು? ಮೈಸೂರಿನ ಸುತ್ತಣ ದಾರಿಗಳಲ್ಲಿ ಈ ಕೋತಿಗಳನ್ನು ಎಣಿಸುತ್ತ ಬಂದ ಪಂಡಿತರು, 25 ವರ್ಷಗಳಲ್ಲಿ ಅವು ನೂರಕ್ಕೆ 65ಕ್ಕಿಂತ ಹೆಚ್ಚು ಕಡಿಮೆಯಾಗಿರುವುದನ್ನು 2017ರಲ್ಲಿ ಪ್ರಕಟಿಸಿದರು. ದಾರಿಯನ್ನು ಅಗಲಮಾಡುವಾಗ ಉರುಳಿದ ಆಲದ ಸಾಲುಮರಗಳೇ ಅವುಗಳ ಮನೆಯೂ ಅನ್ನವೂ ಆಗಿದ್ದುವು. ನಂಜನಗೂಡು, ನರಸೀಪುರದ ಸೀಮೆಯಲ್ಲಿ ಮಠಗಳಿಗೂ ಗ್ರಾಮಗಳಿಗೂ ಸೇರಿದ ತೋಪುಗಳು ಇನ್ನೂ ಉಂಟು. ಬರುವ ಮುಂಗಾರಿನಲ್ಲಿ ಅಲ್ಲಿ ಆಲ, ಅತ್ತಿ, ಅರಳಿಯ ಸಸಿಗಳನ್ನು ನೆಡಿಸಲು ಊರಿನ ಹಿರಿಯರು ಮನಸ್ಸುಮಾಡಬೇಕೆಂದು ಬಿನ್ನಹ.