ಮನಿಲಾದ ಗೋಡೆಯ ಮೇಲೆ ರೋಮಿನ ಹೆಣಗಳು



ಫಿಲಿಪ್ಪೀನ್ಸ್ ದೇಶದ ರಾಜಧಾನಿ ಮನಿಲಾದಲ್ಲಿ ರಾಷ್ಟ್ರೀಯ ಲಲಿತಕಲಾ ಸಂಗ್ರಹಾಲಯವಿದೆ. ಒಳಗೆ ಕಾಲಿಟ್ಟವರಿಗೆ ಎದುರಾಗುವುದು ಒಂದು ಭಾರಿ ತೈಲಚಿತ್ರ. ಅದರ ಅಗಲ ಏಳೂವರೆ ಮೀಟರಿಗೂ ಹೆಚ್ಚು, ಎತ್ತರ ನಾಲ್ಕು ಮೀಟರಿಗೂ ಹೆಚ್ಚು. ಆ ದೇಶದವರು ಅದನ್ನು ತಮ್ಮ ನಾಡಿನ ಕತೆಯೆಂದೇ ನೋಡುತ್ತಾರೆ. ಆದರೆ ಚಿತ್ರದಲ್ಲಿ ಫಿಲಿಪ್ಪೀನ್ಸಿನ ಒಂದು ಮರವಿಲ್ಲ, ಒಂದು ಗುಡಿಸಲಿಲ್ಲ. ಅಲ್ಲಿರುವುದು ಪ್ರಾಚೀನ ರೋಮ್. ಬೇರೆಯವರ ಕತೆ ಇವರದು ಆದದ್ದು ಹೇಗೆ? ಇಂದು ನಾನು ಹೇಳಹೊರಟಿರುವುದು ಅದನ್ನೇ.

ಚಿತ್ರದ ಹೆಸರು ‘ಸ್ಪೋಲಿಯಾರಿಯಂ’. ರೋಮಿನ ಕ್ರೀಡಾಂಗಣದಲ್ಲಿ ಜನರ ಮನರಂಜನೆಗಾಗಿ ಕಾದಾಡಿ ಸತ್ತ ಗ್ಲಾಡಿಯೇಟರುಗಳ ಹೆಣಗಳನ್ನು ಎಳೆತಂದು, ಆಯುಧ, ಬಟ್ಟೆಗಳನ್ನು ಸುಲಿದುಕೊಳ್ಳುತ್ತಿದ್ದ ಕೋಣೆಗೆ ಆ ಹೆಸರು. ಚಿತ್ರದ ನಡುವೆ ಹೆಣಗಳನ್ನು ಎಳೆಯುತ್ತಿದ್ದಾರೆ. ಎಡಕ್ಕೆ ಆಸೆಗಣ್ಣಿನ ಗುಂಪು. ಬಲಕ್ಕೆ, ಕತ್ತಲೆಯಲ್ಲಿ, ತನ್ನವರನ್ನು ಹುಡುಕುವ ಮುದುಕ. ನೆಲದ ಮೇಲೆ ಕುಸಿದು ಕುಳಿತ ಹೆಂಗಸು.

ಇದನ್ನು ಬರೆದವನು ಹುವಾನ್ ಲೂನಾ. 1884ರಲ್ಲಿ ಮ್ಯಾಡ್ರಿಡ್ ಕಲಾಪ್ರದರ್ಶನದಲ್ಲಿ ಇದಕ್ಕೆ ಚಿನ್ನದ ಪದಕ ಬಂದಾಗ ಅವನಿಗೆ 26 ವರ್ಷ. ಅದೇ ಪ್ರದರ್ಶನದಲ್ಲಿ ಅವನ ನಾಡಿನವನೇ ಆದ ಫೆಲಿಕ್ಸ್ ಹಿಡಾಲ್ಗೊ ಬೆಳ್ಳಿಯ ಪದಕ ಪಡೆದ. ಆಗ ಫಿಲಿಪ್ಪೀನ್ಸ್ ಸ್ಪೇನಿನ ವಸಾಹತು. ಆಳಿಸಿಕೊಳ್ಳುವವರು ಆಳುವವರ ರಾಜಧಾನಿಯಲ್ಲೇ ಗೆದ್ದರು.

ಆ ಜೂನ್ ತಿಂಗಳಲ್ಲಿ ಮ್ಯಾಡ್ರಿಡ್‌ನಲ್ಲಿ ಒಂದು ಸನ್ಮಾನದ ಔತಣ ನಡೆಯಿತು. ಅಲ್ಲಿ ಮಾತನಾಡಿದ ಯುವಕ ಹೋಸೆ ರಿಸಾಲ್, ಪ್ರತಿಭೆಗೆ ದೇಶದ ಗಡಿಯಿಲ್ಲ ಎಂದ. ಜೊತೆಗೆ, ಈ ಚಿತ್ರಗಳಲ್ಲಿ ಕಾಣುವುದು ನಮ್ಮದೇ ಸಾಮಾಜಿಕ, ನೈತಿಕ, ರಾಜಕೀಯ ಬದುಕು ಎಂಬ ಅರ್ಥದ ಮಾತನ್ನೂ ಆಡಿದ. ರೋಮಿನ ಹೆಣಗಳು ಮನಿಲಾದ ಹೆಣಗಳಾದದ್ದು ಆ ಓದಿನಿಂದ. ನೇರವಾಗಿ ಹೇಳಲಾಗದ ಮಾತಿಗೆ ಹಳೆಯ ಕತೆಯೊಂದು ಮರೆಯಾಯಿತು. ಅದೇ ರಿಸಾಲ್‌ನನ್ನು 1896ರ ಡಿಸೆಂಬರ್ 30ರಂದು ಸ್ಪೇನ್ ಸರ್ಕಾರ ಗುಂಡಿಟ್ಟು ಕೊಂದಿತು.

ಹಾಗೆಂದು ಲೂನಾನನ್ನು ಕಳಂಕವಿಲ್ಲದ ದೇಶಭಕ್ತನನ್ನಾಗಿ ಮಾಡುವುದು ಸರಿಯಲ್ಲ. ಸ್ಪೇನಿನ ನೌಕಾವಿಜಯವನ್ನು ಕೊಂಡಾಡುವ ‘ಲೆಪಾಂಟೊ ಕದನ’ವನ್ನು ಸ್ಪೇನಿನ ಸೆನೆಟ್ಟಿಗೆ ಬರೆದುಕೊಟ್ಟವನೂ ಅವನೇ. 1892ರಲ್ಲಿ ಪ್ಯಾರಿಸ್ಸಿನಲ್ಲಿ ಶಂಕೆಯ ಉರಿಯಲ್ಲಿ ಹೆಂಡತಿಯನ್ನೂ ಅತ್ತೆಯನ್ನೂ ಗುಂಡಿಕ್ಕಿ ಕೊಂದ. ಮರುವರ್ಷ ಅಲ್ಲಿನ ನ್ಯಾಯಾಲಯ ಅವನನ್ನು ಬಿಡುಗಡೆ ಮಾಡಿತು. ಕುಸಿದು ಕುಳಿತ ಹೆಂಗಸಿನ ಬೆನ್ನಿನಲ್ಲೇ ಅಷ್ಟು ದುಃಖ ತುಂಬಿದ ಕೈ ಇದನ್ನೂ ಮಾಡಿತು. ಚಿತ್ರವನ್ನು ಮೆಚ್ಚುವಾಗ ಈ ಸಂಗತಿಯನ್ನು ಬದಿಗೆ ಸರಿಸಬಾರದು. ಈ ಸಂಗತಿಗಾಗಿ ಚಿತ್ರ ಜನರಿಗೆ ಕೊಟ್ಟದ್ದನ್ನು ಅಲ್ಲಗಳೆಯಲೂ ಆಗದು.

ಚಿತ್ರ ತಾಯ್ನಾಡಿಗೆ ಬರಲು ಏಳು ದಶಕ ಹಿಡಿಯಿತು. ಬಾರ್ಸಿಲೋನಾದವರು ಕೊಂಡಿದ್ದರು, ಸ್ಪೇನಿನ ಅಂತರ್ಯುದ್ಧದಲ್ಲಿ ಅದಕ್ಕೆ ಹಾನಿಯಾಯಿತು, ದುರಸ್ತಿಯಾದ ಮೇಲೆ 1950ರ ದಶಕದ ಕೊನೆಯಲ್ಲಿ ಸ್ಪೇನ್ ಅದನ್ನು ಫಿಲಿಪ್ಪೀನ್ಸಿಗೆ ಕೊಟ್ಟಿತು. ಈಗ ಅದಿರುವ ಕಟ್ಟಡಕ್ಕೂ ಗಾಯದ ಚರಿತ್ರೆಯಿದೆ. ಅಮೆರಿಕದ ಆಳ್ವಿಕೆಯಲ್ಲಿ, 1926ರಲ್ಲಿ ಶಾಸನಸಭೆಗೆಂದು ಸಿದ್ಧವಾದ ಭವನವಿದು. 1945ರ ಮನಿಲಾ ಕದನದಲ್ಲಿ ಪಾಳುಬಿದ್ದು, ಮತ್ತೆ ಎದ್ದಿತು.

ಸಂಗ್ರಹಾಲಯವನ್ನು ನೋಡಹೋಗುವವರು ಈ ಒಂದು ಚಿತ್ರ ನೋಡಿ ಹಿಂದಿರುಗಬಾರದು. ರಿಸಾಲ್ ಗಡೀಪಾರಾಗಿ ದಪಿತಾನಿನಲ್ಲಿದ್ದಾಗ, 1894ರಲ್ಲಿ, ಜೇಡಿಮಣ್ಣಿನಲ್ಲಿ ಮಾಡಿದ ಸಣ್ಣ ಶಿಲ್ಪವೊಂದು ಅಲ್ಲಿದೆ. ಮರಿಯನ್ನು ಹಿಡಿದ ಮೊಸಳೆಗೆ ತಾಯಿನಾಯಿ ಬಾಯಿ ಹಾಕಿದೆ. ಹೆಸರು ‘ತಾಯಿಯ ಸೇಡು’. ತಾಯಿನಾಯಿ ನಾಡು, ಮೊಸಳೆ ಆಳುವವರು ಎಂದು ಅದನ್ನು ವಿವರಿಸುವುದುಂಟು. ಇಲ್ಲಿ ರೋಮಿನ ಮರೆ ಬೇಕಾಗಲಿಲ್ಲ. ಇನ್ನೂ ಮುಂದೆ ಬಂದರೆ, ಕಾರ್ಲೋಸ್ ‘ಬೊಟೊಂಗ್’ ಫ್ರಾನ್ಸಿಸ್ಕೊ 1953ರಲ್ಲಿ ಮನಿಲಾದ ಸರ್ಕಾರಿ ಆಸ್ಪತ್ರೆಗಾಗಿ ಬರೆದ ನಾಲ್ಕು ದೊಡ್ಡ ಚಿತ್ರಗಳಿವೆ. ನಾಡಿನ ವೈದ್ಯದ ಕತೆ ಅಲ್ಲಿ ಹಳೆಯ ನಾಟಿ ವೈದ್ಯರಿಂದಲೇ ಮೊದಲಾಗುತ್ತದೆ.

ಹೀಗೆ ಕೋಣೆಯಿಂದ ಕೋಣೆಗೆ ನಡೆದಂತೆ, ಎರವಲು ಮುಖದಿಂದ ತನ್ನ ಮುಖಕ್ಕೆ ಬಂದ ನಾಡೊಂದು ಕಾಣುತ್ತದೆ. ಕಲಾವಿದ ಬರೆದು ಮುಗಿಸಿದಲ್ಲಿಗೆ ಚಿತ್ರ ಮುಗಿಯುವುದಿಲ್ಲ. ನೋಡಿದವರು ಅದರಲ್ಲಿ ತಮ್ಮನ್ನು ಕಂಡಾಗ ಅದು ಅವರದಾಗುತ್ತದೆ. ಆ ಸಂಗ್ರಹಾಲಯಕ್ಕೆ ಈಗ ಪ್ರವೇಶ ಶುಲ್ಕವಿಲ್ಲ. ಕೂಲಿಯವರ ಮಕ್ಕಳೂ ಕಾಸು ಕೊಡದೆ ಒಳಗೆ ಬಂದು, ಆ ದೊಡ್ಡ ಚಿತ್ರದ ಮುಂದೆ ತಲೆಯೆತ್ತಿ ನಿಲ್ಲಬಹುದು.