ಬೆರಳಗಲದ ಹಳಿಯ ಹಿಂದಿನ ಲೆಕ್ಕ



ಆಟಿಕೆ ರೈಲು ಓಡಿದರೆ ಸಾಕು. ಮಾದರಿ ರೈಲು ಓಡುವುದರ ಜೊತೆಗೆ ನಿಜದ ಅಳತೆಯನ್ನೂ ಉಳಿಸಿಕೊಳ್ಳಬೇಕು. ಆ ಅಳತೆ ಮೊದಲು ತಪ್ಪುವುದು ಹಳಿಯಲ್ಲಿ. ಹಳಿಯನ್ನು ಕೈಯಾರೆ ಕಟ್ಟುವ ಹವ್ಯಾಸ ಬೆಳೆದದ್ದೂ ಇದೇ ಕಾರಣದಿಂದ.

ಬ್ರಿಟನ್ನಿನಲ್ಲಿ ಎರಡು ಹಳಿಗಳ ನಡುವಿನ ಅಂತರ 4 ಅಡಿ 8½ ಅಂಗುಲ. ಅಲ್ಲಿನ ಎಂಜಿನ್‌ಗಳ ಒಡಲು ಚಿಕ್ಕದು. 1920ರ ದಶಕದ ಮಾದರಿಗಳಲ್ಲಿ ವಿದ್ಯುತ್ ಮೋಟಾರು ಅದರೊಳಗೆ ಹಿಡಿಸುವುದೇ ಕಷ್ಟವಾಗಿತ್ತು. ಆಗ ಅಡಿಗೆ 4 ಮಿ.ಮೀ.ನಂತೆ ಎಂಜಿನ್ನನ್ನು ಹಿಗ್ಗಿಸಿ, ಹಳಿಯ ಅಂತರವನ್ನು ಮಾತ್ರ ಮೊದಲಿನ 16.5 ಮಿ.ಮೀ.ಗೇ ಬಿಡಲಾಯಿತು. ಲೆಕ್ಕ ಹಾಕಿದರೆ ಅದು 4 ಅಡಿ 1½ ಅಂಗುಲಕ್ಕೆ ಸಮ. ಅಂದರೆ ನಿಜಕ್ಕಿಂತ 7 ಅಂಗುಲ ಕಡಿಮೆ. ‘ಓಓ’ ಎಂಬ ಈ ಗೇಜೇ ಬ್ರಿಟನ್ನಿನ ಅಂಗಡಿಗಳಲ್ಲಿ ನೆಲೆಯೂರಿತು. ಒಪ್ಪದವರು 1960ರ ದಶಕದಲ್ಲಿ ‘ಪ್ರೋಟೋಫೋರ್’ ಎಂಬ ಕರಾರುವಾಕ್ಕಾದ ಅಳತೆ ರೂಪಿಸಿದರು: 18.83 ಮಿ.ಮೀ. ಇಂಥ ಹಳಿ ಬೇಕೆಂದವರು ತಾವೇ ಕೂತು ಕಟ್ಟಬೇಕಿತ್ತು.

ಕಟ್ಟುವುದು ಹೇಗೆ? ಮೊದಲು ಕಾಗದದ ಮೇಲೆ ಹಳಿಯ ನಕ್ಷೆ. ಅದರ ಮೇಲೆ ತಾಮ್ರ ಲೇಪಿಸಿದ ಫಲಕದಿಂದ ಕತ್ತರಿಸಿದ ಪುಟ್ಟ ಸ್ಲೀಪರ್‌ಗಳನ್ನು ಅಂಟಿಸುತ್ತಾರೆ. ಪ್ರತಿ ಸ್ಲೀಪರಿನ ನಡುವೆ ತಾಮ್ರವನ್ನು ಗೀರಿ ತೆಗೆಯಲೇಬೇಕು. ಇಲ್ಲವಾದರೆ ಎರಡೂ ಹಳಿಗಳ ವಿದ್ಯುತ್ ಕೂಡಿ ಶಾರ್ಟ್ ಆಗುತ್ತದೆ. ಒಂದು ಹಳಿಯನ್ನು ಬೆಸುಗೆ ಹಾಕಿ, ಲೋಹದ ಅಳತೆಪಟ್ಟಿಯನ್ನು ಆನಿಸಿ ಎರಡನೆಯದನ್ನು ಕೂರಿಸುತ್ತಾರೆ. ನಿಜವಾದ ಸವಾಲು ದಾರಿ ಕವಲೊಡೆಯುವ ‘ಪಾಯಿಂಟ್ಸ್’. ಅಲ್ಲಿ ಹಳಿಯ ತುದಿಗಳನ್ನು ಅರದಿಂದ ಚೂರಿಯಂತೆ ತೆಳುವಾಗಿ ಉಜ್ಜಬೇಕು. ಎರಡು ಹಳಿಗಳು ಸೇರುವ ಕಡೆ ಚಕ್ರ ದಾರಿ ತಪ್ಪದಂತೆ ಎದುರಿಗೆ ಕಾವಲು ಹಳಿ ಇಡಬೇಕು. ಅರ್ಧ ಮಿ.ಮೀ. ತಪ್ಪಿದರೆ ನಿಜದ ಹಳಿಯಲ್ಲಿ 38 ಮಿ.ಮೀ. ತಪ್ಪಿದಂತೆ. ಗಾಡಿ ಕೆಳಗಿಳಿಯುತ್ತದೆ!

ನಮ್ಮ ದೇಶದ ರೈಲನ್ನು ಮಾಡಹೊರಟವರಿಗೆ ಈ ತೊಡಕು ಇನ್ನೂ ಹೆಚ್ಚು. ನಮ್ಮ ಬ್ರಾಡ್‌ಗೇಜ್ 1,676 ಮಿ.ಮೀ.; 4 ಮಿ.ಮೀ. ಲೆಕ್ಕದಲ್ಲಿ ಅದಕ್ಕೆ 22 ಮಿ.ಮೀ. ಹಳಿ ಬೇಕು. ಅಂಗಡಿಯ 16.5 ಮಿ.ಮೀ. ಹಳಿಯ ಮೇಲೆ ನಿಲ್ಲಿಸಿದರೆ ನಮ್ಮ ಅಗಲವಾದ ಬೋಗಿ ಸಪೂರ ಕಾಲಿನ ಮೇಲೆ ನಿಂತ ದಢೂತಿಯಂತೆ ಕಾಣುತ್ತದೆ.

ಮೀಟರ್‌ಗೇಜಿನ ಕಥೆ ಬೇರೆ. ಬೆಂಗಳೂರು–ಮೈಸೂರು ದಾರಿ 1882ರಲ್ಲಿ ಪೂರ್ಣಗೊಂಡದ್ದು ಮೀಟರ್‌ಗೇಜಿನಲ್ಲೇ. 1992ರಲ್ಲಿ ಆರಂಭವಾದ ಏಕಗೇಜ್ ಯೋಜನೆಯ ನಂತರ ಆ ಕಿರಿದಾದ ಹಳಿಗಳು ಒಂದೊಂದಾಗಿ ಮರೆಯಾದವು. ಪ್ರಯಾಣಿಕರಿಗೆ ಅನುಕೂಲವಾಯಿತು, ನಿಜ. ಎಂಜಿನ್ನುಗಳನ್ನು ಮೈಸೂರಿನ ರೈಲು ವಸ್ತುಸಂಗ್ರಹಾಲಯದಲ್ಲಿ ನೋಡಬಹುದು. ಆದರೆ ಊರ ನಿಲ್ದಾಣದಲ್ಲಿ ಹಳಿಗಳು ಎಲ್ಲಿ ಕವಲೊಡೆದು ಎಲ್ಲಿ ಸೇರುತ್ತಿದ್ದವು ಎಂಬುದನ್ನು ಯಾವ ಎಂಜಿನ್ ಹೇಳೀತು?

ಅದನ್ನು ಹೇಳಬಲ್ಲದ್ದು 13.1 ಮಿ.ಮೀ. ಅಂತರದ, ಕೈಯಿಂದಲೇ ಕಟ್ಟಬೇಕಾದ ಹಳಿ. ಹಳೆಯ ನಿಲ್ದಾಣದ ನಕ್ಷೆ ಹುಡುಕಿ, ಅಲ್ಲಿ ದುಡಿದ ಹಿರಿಯರನ್ನು ಕೇಳಿ, ಅಳೆದು ಬೆಸೆದರೆ ಹವ್ಯಾಸವೇ ದಾಖಲೆಯಾಗುತ್ತದೆ. ಕೇಳಿ ತಿಳಿಯಲು ಆ ಹಿರಿಯರು ಇರುವಾಗಲೇ ಈ ಕೆಲಸ ಆಗಬೇಕು.